ಜೀವಸತ್ತ್ವ ‘ಡಿ’ಯ ಪರೀಕ್ಷೆಯೂ ಬೀಗದ ಉಪಮೆಯೂ

ಪ್ರತಿಕಾಯಗಳ ಸ್ವರೂಪವನ್ನು ಕನ್ನಡದಲ್ಲಿ ವಿವರಿಸುವವರು ಬೀಗ-ಕೀಲಿಕೈಗಳ ಉಪಮೆಯನ್ನು ಬಿಡುವುದು ವಿರಳ. ಎಮಿಲ್ ಫಿಷರನು 1894ರಲ್ಲಿ ಅದನ್ನು ಕಿಣ್ವಗಳಿಗಾಗಿ ತಂದನು. ಪ್ರತಿಕಾಯಗಳಿಗೆ ಅದು ಹಬ್ಬಿದ್ದು ಆಮೇಲೆ. ಉಪಮೆಯು ಸುಲಭಗ್ರಾಹ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೀವಸತ್ತ್ವ ‘ಡಿ’ಯ ರಕ್ತಪರೀಕ್ಷೆಯ ವಿಷಯದಲ್ಲಿ ಅದು ಓದುಗನನ್ನು ದಾರಿತಪ್ಪಿಸುವುದು.

ಒಂದು ಬೀಗಕ್ಕೆ ಒಂದೇ ಕೀಲಿಕೈ ಎಂಬುದು ಇಲ್ಲಿಯ ಸಾಧಾರಣಧರ್ಮ. ಅದು ಉಪಮೇಯದಲ್ಲಿ ಉಂಟೇ? ರಕ್ತದಲ್ಲಿ ಅಳೆಯತಕ್ಕ ವಸ್ತು 25-ಹೈಡ್ರಾಕ್ಸಿ ಜೀವಸತ್ತ್ವ ‘ಡಿ’. ಅದಕ್ಕೆ ಎರಡು ರೂಪಗಳು: ಬಿಸಿಲಿನ ಬಲದಿಂದ ನಮ್ಮ ಚರ್ಮದಲ್ಲಿ ಹುಟ್ಟಿದ ಡಿ3ರಿಂದ ಆದದ್ದೊಂದು, ಅಣಬೆ ಮೊದಲಾದವುಗಳಿಂದ ದೊರೆಯುವ ಡಿ2ರಿಂದ ಆದದ್ದೊಂದು. ಎರಡನೆಯದರ ಪಾರ್ಶ್ವಸರಣಿಯಲ್ಲಿ ಒಂದು ಜೋಡಿಬಂಧವೂ ಒಂದು ಮಿಥೈಲ್ ಗುಂಪೂ ಹೆಚ್ಚಾಗಿರುವುದಷ್ಟೇ ಭೇದ. ಇಷ್ಟಕ್ಕೇ ಕೆಲವು ಪ್ರತಿಕಾಯಗಳು ಅದನ್ನು ಪೂರ್ತಿಯಾಗಿ ಗುರುತಿಸಲಾರದೆ ಹೋಗುವುವು. ಡಿ2 ಔಷಧವನ್ನೇ ಸೇವಿಸುತ್ತಿರುವ ರೋಗಿಯಲ್ಲಿ ಇಲ್ಲದ ಕೊರತೆ ಕಾಣಿಸಿಕೊಳ್ಳುವುದು. ಮತ್ತೆ ಕೆಲವು, 24,25-ಡೈಹೈಡ್ರಾಕ್ಸಿ ರೂಪವನ್ನೂ ತಮ್ಮದೆಂದೇ ಹಿಡಿದು ಎಣಿಕೆಯನ್ನು ಏರಿಸುವುವು. ನಮ್ಮ ಆಲಂಕಾರಿಕರನ್ನು ಕೇಳಿದರೆ ಇದು ಭ್ರಾಂತಿಮದಲಂಕಾರದ ವಿಷಯವೆಂದಾರು! ವಿನೋದವಾಗಿ ಕಂಡರೂ ಫಲ ಲಘುವಲ್ಲ. ಮಿಲಿಲೀಟರಿಗೆ 20 ನ್ಯಾನೊಗ್ರಾಮೆಂಬ ಗೆರೆಯನ್ನು ಅನೇಕರು ಬಳಸುತ್ತಾರೆ. ಒಂದೇ ರಕ್ತವು ಒಂದು ಪರೀಕ್ಷೆಯಲ್ಲಿ 18, ಇನ್ನೊಂದರಲ್ಲಿ 22 ಎಂದಾದರೆ, ಒಬ್ಬನೇ ಮನುಷ್ಯನು ಏಕಕಾಲದಲ್ಲಿ ರೋಗಿಯೂ ನಿರೋಗಿಯೂ ಆಗುವನು.

ಉಪಮೆಯು ಇನ್ನೊಂದನ್ನು ಮುಚ್ಚಿಡುತ್ತದೆ. ಈ ವಸ್ತುವು ರಕ್ತದಲ್ಲಿ ಬಿಡಿಯಾಗಿ ಸಂಚರಿಸುವುದು ಅತ್ಯಲ್ಪ. ವಾಹಕ ಪ್ರೋಟೀನೊಂದು ಅದನ್ನು ಬಿಗಿಹಿಡಿದಿರುವುದು. ಮೊದಲು ಆ ಹಿಡಿತ ಬಿಡಬೇಕು. ಗರ್ಭಿಣಿಯರಲ್ಲಿ ಈ ಪ್ರೋಟೀನು ಹೆಚ್ಚು. ಬಿಡುಗಡೆ ಅಪೂರ್ಣವಾದರೆ ಪ್ರತಿಕಾಯವೆಷ್ಟು ಉತ್ತಮವಾದರೂ ಅಳತೆ ತಪ್ಪುವುದು.

ಯಾಲೊ ಮತ್ತು ಬರ್ಸನ್ ಇನ್ಸುಲಿನ್ನಿಗಾಗಿ ರೂಪಿಸಿದ, ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದ ಸ್ಪರ್ಧಾವಿಧಾನವೇ ಇಲ್ಲಿಯೂ ಬಹುಕಾಲ ಆಧಾರವಾಯಿತು. ಗುರುತುಹಚ್ಚಿದ ಅಣುಗಳು ರೋಗಿಯ ಅಣುಗಳೊಡನೆ ಸ್ಥಾನಕ್ಕಾಗಿ ಸೆಣಸುವುವು; ಆದುದರಿಂದ ಸಂಕೇತ ಹೆಚ್ಚಿದಷ್ಟೂ ಜೀವಸತ್ತ್ವ ಕಡಮೆ. ಅಣುವು ಬಹು ಚಿಕ್ಕದಾದ ಕಾರಣ ಎರಡು ಪ್ರತಿಕಾಯಗಳು ಅದನ್ನು ಒಟ್ಟಿಗೆ ಹಿಡಿಯುವುದು ಕಷ್ಟ. ಈ ಅಡ್ಡಿಯನ್ನು ದಾಟಲು ಈಚಿನವರು ಎರಡನೆಯ ಪ್ರತಿಕಾಯವೊಂದನ್ನು ಸಿದ್ಧಪಡಿಸಿದ್ದಾರೆ: ಅದು ಹಿಡಿಯುವುದು ಒಂಟಿ ಅಣುವನ್ನಲ್ಲ, ಬರಿಯ ಮೊದಲನೆಯ ಪ್ರತಿಕಾಯವನ್ನೂ ಅಲ್ಲ, ಅವೆರಡರ ಕೂಟವನ್ನು. ಆಗ ಸಂಕೇತವು ಜೀವಸತ್ತ್ವದೊಡನೆಯೇ ಏರುವುದು. ಇದನ್ನು ಬೀಗದ ಭಾಷೆಯಲ್ಲಿ ಹೇಳಹೊರಟರೆ, ಕೀಲಿಕೈ ಹೊಕ್ಕೊಡನೆ ಬೀಗದ ಆಕಾರವೇ ಬದಲಾಯಿತೆನ್ನಬೇಕಾದೀತು. ಅಂಥ ಬೀಗವನ್ನು ಕಂಡವರಾರು?