ನುಂಗಿದ ‘ಇದ್ದಾನೆ’

ಹೋದ ಸಲ ನನ್ನದೊಂದು ಕತೆ ಅಚ್ಚಾತು. ಸೊಲ್ಲಾಪುರಕ್ಕ ದುಡಿಯಲಿಕ್ಕೆ ಹೋದ ಮಗ ನಾಲ್ಕು ವರ್ಷದ ಮೇಲೆ ಮನೆಗೆ ಬರುತ್ತಾನೆ. ಮುದುಕಿ ಒಳಗೆ ಕೂಗಿ ಸೊಸೆಗೆ ಹೇಳುತ್ತಾಳೆ: “ಮಗ ಬಂದಾನ, ಒಂದ್ ರೊಟ್ಟಿ ಹೆಚ್ಚಿಗಿ ಬಡಿ.” ಪತ್ರಿಕೆಯವರು ತಿದ್ದಿ “ಮಗ ಬಂದಾನು” ಅಂತ ಮಾಡಿದ್ದರು. ಮೈಸೂರಿನ ಗೆಳೆಯ ಫೋನ್ ಮಾಡಿ ಕೇಳಿದ, “ಕಡೆಗೂ ಮಗ ಬಂದನೋ ಇಲ್ಲವೋ?”

ಹಲಸಂಗಿ ಕಡೆ ‘ಬಂದಾನ’ ಅಂದರೆ ಬಂದಿದ್ದಾನೆ, ಹೊಸ್ತಿಲ ಮೇಲೆ ನಿಂತಿದ್ದಾನೆ. ‘ಬಂದಾನು’ ಅಂದರೆ ಬಂದರೂ ಬರಬಹುದು. ಒಂದು ಉಕಾರ ಆ ಮುದುಕಿಯನ್ನು ಮತ್ತೆ ದಾರಿ ಕಾಯಲಿಕ್ಕೆ ಕೂಡಿಸಿತು.

ಹದಿನೇಳನೇ ಶತಮಾನದ ಜರ್ಮನ್ ಗದ್ಯದಲ್ಲೂ ಸಹಾಯಕ ಕ್ರಿಯಾಪದದ್ದೇ ಇಂಥದೊಂದು ಆಟ ಇತ್ತು. ಗ್ರಿಮ್ಮೆಲ್ಸ್‌ಹೌಸನ್ನನ ‘ಸಿಂಪ್ಲಿಸಿಸ್ಸಿಮುಸ್’ ಕಾಲದವರು ಅಧೀನ ವಾಕ್ಯದ ಕೊನೆಗೆ ಬರಬೇಕಾದ ‘ಇದ್ದಾನೆ’, ‘ಇದ್ದ’ಗಳಂಥ ಪದಗಳನ್ನು ಸಲೀಸಾಗಿ ಬಿಟ್ಟುಬಿಡುತ್ತಿದ್ದರು. ಕಚೇರಿ ಬರಹದಲ್ಲಂತೂ ಅದೇ ಠೀವಿ. ಆದರೆ ಬಿಟ್ಟದ್ದು ವರ್ತಮಾನದ್ದೋ ಭೂತದ್ದೋ ಎಂಬುದನ್ನು ಓದುವವನೇ ಊಹಿಸಿಕೊಳ್ಳಬೇಕು.

ನಮ್ಮವರು ಬಿಡಲಿಲ್ಲ, ನುಂಗಿದರು. ನುಂಗಿದ್ದು ದಕ್ಕಿತು ಕೂಡ. ಬಂದಾನ, ಬಂದಾಳ, ಬಂದಾರ, ಬಂದೀನಿ, ಬಂದೈತಿ: ಯಾರು, ಎಷ್ಟು ಮಂದಿ, ಎಲ್ಲಾ ಬಾಲದಾಗೇ ಐತಿ. ಇನ್ನೊಂದು ಸೂಕ್ಷ್ಮ ನೋಡಿ. ‘ಬಂದಿದ್ದ’ ಎನ್ನುವಲ್ಲಿ ‘ಇದ್ದ’ ಹಾಗೇ ಉಳೀತದ. ‘ಬಂದಿಲ್ಲ’ದಲ್ಲಿ ‘ಇಲ್ಲ’ವೂ ಉಳೀತದ. ನುಂಗುವುದು ಈಗ ಎದುರಿಗೆ ಇರುವುದನ್ನು ಮಾತ್ರ. ಅದಕ್ಕೇ ಜರ್ಮನ್ ಓದುಗನ ಗೊಂದಲ ನಮ್ಮ ಅವ್ವಂದಿರಿಗೆ ಇಲ್ಲ. ಇದನ್ನು ಹಳ್ಳಿಯವರ ಸೋಮಾರಿತನ ಅನ್ನುವ ಮೇಷ್ಟ್ರುಗಳನ್ನು ಕಂಡರೆ ನನಗೆ ಸಿಟ್ಟು ಬರ್ತದ.

ಗದ್ಯದಲ್ಲಿ ತಿದ್ದಿದರೆ ಅರ್ಥ ಕೆಡುತ್ತದೆ, ಹಾಡಿನಲ್ಲಿ ತಿದ್ದಿದರೆ ನಡಿಗೆಯೂ ಕೆಡುತ್ತದೆ. ಬೀಸುಕಲ್ಲಿನ ಮುಂದೆ ಕೂತು ಹಾಡುವ ತ್ರಿಪದಿಯಲ್ಲಿ ‘ಬಂದಾನ’ ಮೂರು ಅಕ್ಷರ, ‘ಬಂದಿದ್ದಾನೆ’ ನಾಲ್ಕು. ಆ ನಾಲ್ಕನೆಯದಕ್ಕ ಕಲ್ಲು ತಡೀತದ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಮಾಡಿದ ದೊಡ್ಡ ಉಪಕಾರ ಹಾಡು ಕೂಡಿಸಿದ್ದಷ್ಟೇ ಅಲ್ಲ, ಹೆಂಗಸರ ಬಾಯಿಯ ಮಾತನ್ನು ಗ್ರಾಂಥಿಕಕ್ಕೆ ತಿರುವದೆ ಅಚ್ಚಿಗೆ ಕೊಟ್ಟದ್ದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಇಬ್ಬರಿಗೂ ಗ್ರಾಂಥಿಕ ಚೆನ್ನಾಗಿ ಬರುತ್ತಿತ್ತು. ಬರುತ್ತಿದ್ದುದರಿಂದಲೇ ಎಲ್ಲಿ ಅದು ಬೇಡ ಅನ್ನೋದೂ ಗೊತ್ತಿತ್ತು ಅಂತ ನನ್ನ ಲೆಕ್ಕ.

ಇಂಥ ಸಂಗ್ರಹಗಳನ್ನು ಈಗ ಮತ್ತೆ ಅಚ್ಚು ಹಾಕುವವರು ಹಿಂದಿನ ಪುಟಗಳಲ್ಲಿ ಶಬ್ದಕೋಶ ಕೊಡುತ್ತಾರೆ. ಸಂತೋಷ. ಆದರೆ ನಾನು ನೋಡಿದಂಥವುಗಳಲ್ಲಿ ಕಣಕಿ, ಕುಪ್ಪಸಕ್ಕೆಲ್ಲ ಅರ್ಥ ಇರುತ್ತದೆ, ಈ ‘ಆನ’ ಮತ್ತು ‘ಆನು’ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕಣಕಿ ತಿಳಿಯದವನು ಕೋಶ ತೆಗೆದು ನೋಡುತ್ತಾನೆ. ‘ಬಂದಾನ’ ತನಗೆ ತಿಳಿದಿದೆ ಅಂದುಕೊಂಡವನು ನೋಡುವುದೇ ಇಲ್ಲ.

ಕತೆ ಸಂಕಲನಕ್ಕೆ ಹೋಗುವಾಗ ಕರಡಿನಲ್ಲಿ ಆ ಉಕಾರ ತೆಗೆದೆ. ಮರುದಿನ ಪ್ರೆಸ್ಸಿನ ಹುಡುಗನ ಫೋನು: “ಸರ್, ಇಲ್ಲಿ ಒಂದು ಕೊಂಬು ಬಿಟ್ಟೈತಿ, ಹಾಕಲೇನ್ರಿ?” ನಿಮ್ಮೂರು ಯಾವುದಪಾ ಅಂದೆ. ಇಂಡಿ ಅಂದ.