ಸಿಸ್ಟೀನ್ ಅಲ್ಲ, ಶಾಲೆ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ರೋಮಿನ ಸಿಸ್ಟೀನ್ ಚಾಪೆಲಿಗೆ ಹೋಲಿಸಿ ಹೊಗಳುವುದು ರೂಢಿ. ಈ ಹೋಲಿಕೆ ಕಟ್ಟಡದ ಉದ್ದೇಶವನ್ನೇ ಮರೆಸಿದೆ ಎಂಬುದು ನನ್ನ ತಕರಾರು. ಸಿಸ್ಟೀನ್ ಇರುವುದು ಪೋಪರ ಅರಮನೆಯಲ್ಲಿ. ಇದು, 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಆರಂಭಿಸಿದ ವಿದ್ಯಾಸಂಸ್ಥೆಗಾಗಿ ಲೈಟ್‌ಹೌಸ್ ಗುಡ್ಡದ ಮೇಲೆ ಎದ್ದದ್ದು.

ಗೋಡೆಗಳ ಮೇಲೆ ಹಸಿ ಗಾರೆಯ ಭಿತ್ತಿಚಿತ್ರ, ಚಾವಣಿಯಲ್ಲಿ ಕ್ಯಾನ್ವಾಸಿನ ತೈಲಚಿತ್ರ. 19ನೇ ಶತಮಾನ ಮುಗಿಯುವ ಹೊತ್ತಿನಲ್ಲಿ ಇವನ್ನು ಬರೆಯಲು ತೊಡಗಿದ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ, ಚಾವಣಿಯ ನಡುಸಾಲಿಗೆ ಆರಿಸಿಕೊಂಡದ್ದು ಸೃಷ್ಟಿಯ ಕಥೆಯನ್ನಲ್ಲ, ಅಲೋಶಿಯಸ್ ಗೊಂಜಾಗನ ಬದುಕನ್ನು. ಈತ ದೊರೆಮಗ. ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟು ಬಂದವನು. ರೋಮಿನಲ್ಲಿ ಓದುತ್ತಿದ್ದಾಗಲೇ ಪ್ಲೇಗು ರೋಗಿಗಳ ಆರೈಕೆಗಿಳಿದು, 1591ರಲ್ಲಿ, 23ರ ವಯಸ್ಸಿನಲ್ಲಿ ತೀರಿಕೊಂಡ.

ಒಂದಿಂಚೂ ಖಾಲಿ ಬಿಡದ ಅಲಂಕಾರದ ನಡುವೆ ಈ ತ್ಯಾಗದ ಕಥೆಗೆ ಕೊಂಚ ಉಸಿರುಕಟ್ಟುತ್ತದೆ, ನಿಜ. ಆದರೂ ಬೆಂಚಿನಲ್ಲಿ ಕೂತ ಹುಡುಗ ತಲೆಯೆತ್ತಿದರೆ ಕಾಣುವುದು ತನಗಿಂತ ಕೆಲವೇ ವರ್ಷ ದೊಡ್ಡವನಾದ ಇನ್ನೊಬ್ಬ ವಿದ್ಯಾರ್ಥಿ. ಓದಿನಿಂದ ಏನು ಸಿಗುತ್ತದೆಂದು ಊರೆಲ್ಲ ಲೆಕ್ಕಹಾಕುವಾಗ, ಓದಿದವರು ಏನನ್ನು ಬಿಡಬಲ್ಲರು ಎಂದು ಆ ಚಾವಣಿ ಕೇಳುತ್ತದೆ. ಪ್ರವಾಸಿ ಕೈಪಿಡಿಗಳಿಗೆ ಈ ಪ್ರಶ್ನೆ ಬೇಕಿಲ್ಲ. ಆ ವಯಸ್ಸು ದಾಟಿಯೂ ಓದುತ್ತಲೇ ಇರುವ ನನ್ನನ್ನು ಅದು ಸುಮ್ಮನೆ ಬಿಡುತ್ತಿಲ್ಲ.