ಲಾಂಛನದಲ್ಲಿ ಸ್ವೋಪಜ್ಞತೆ

ಹೊಸ ಕೃತಿಯಲ್ಲಿ ಹಳೆಯದರ ನೆರಳು ಕಂಡೊಡನೆ ಅದಕ್ಕೆ ಚೌರ್ಯದ ಅಪವಾದವನ್ನು ಹೊರಿಸುವ ವಿಮರ್ಶಕರು ಎಲ್ಲ ಕಾಲದಲ್ಲಿಯೂ ಉಂಟು. ಕಾವ್ಯದ ಮಟ್ಟಿಗೆ ಈ ವಿವಾದವನ್ನು 9ನೆಯ ಶತಮಾನದಲ್ಲಿಯೇ ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ದ್ಯೋತದಲ್ಲಿ ಇತ್ಯರ್ಥಗೊಳಿಸಿದನು. ಆತನ ಮತದಂತೆ ಹೋಲಿಕೆಯು ಮೂರು ಬಗೆ: ಪ್ರತಿಬಿಂಬದಂತಹುದು, ಚಿತ್ರದಂತಹುದು, ಸಮಾನದೇಹವುಳ್ಳ ಇನ್ನೊಬ್ಬ ಮನುಷ್ಯನಂತಹುದು. ಮೊದಲಿನೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಅಲ್ಲಿ ದೇಹವು ಹೋಲಿದರೂ ಜೀವವು ಬೇರೆ. ಈ ಸೂತ್ರವು ರೇಖೆಗಳಿಂದಾದ ಲಾಂಛನಕ್ಕೂ ಸಲ್ಲುವುದೇ ಎಂಬುದನ್ನು ಅಮೆರಿಕದ ಹಳೆಯ ರೈಲ್ವೆ ಕಂಪೆನಿಗಳ ಮುದ್ರೆಗಳಿಂದ ಪರೀಕ್ಷಿಸಬಹುದು.

ಆ ಕಂಪೆನಿಗಳಲ್ಲಿ ಹಲವು ತಮ್ಮ ಮನೆಯ ಸೊತ್ತನ್ನೇ ಬಳಸಿಕೊಂಡವು. ಪೆನ್ಸಿಲ್ವೇನಿಯಾ ಸಂಸ್ಥಾನಕ್ಕೆ ‘ಕಮಾನಿನ ನಡುಗಲ್ಲು’ ಎಂಬ ಬಿರುದಿದ್ದುದರಿಂದ ಅಲ್ಲಿಯ ರೈಲ್ವೆಯು ಆ ಕಲ್ಲಿನ ಆಕೃತಿಯನ್ನೇ ಧರಿಸಿತು. ಯೂನಿಯನ್ ಪೆಸಿಫಿಕ್ ಕಂಪೆನಿಯು ರಾಷ್ಟ್ರಮುದ್ರೆಯ ಗುರಾಣಿಯನ್ನು ಅನುಸರಿಸಿತು. ಇವು ಪಿತ್ರಾರ್ಜಿತ; ವಿವಾದಕ್ಕೆ ಎಡೆಯಿಲ್ಲ. ನಾರ್ದರ್ನ್ ಪೆಸಿಫಿಕ್ ಕಂಪೆನಿಯದಾದರೋ ದೂರದೇಶದಿಂದ ತಂದ ಸೊತ್ತು.

1864ರಲ್ಲಿ ಸನ್ನದು ಪಡೆದ ಈ ಕಂಪೆನಿಯು ಸುಪೀರಿಯರ್ ಸರೋವರದ ಕಡೆಯಿಂದ ಪಶ್ಚಿಮ ಸಮುದ್ರದ ಕಡೆಗೆ ಹಾಕಿದ ಹಾದಿ 1883ರಲ್ಲಿ ಒಂದುಗೂಡಿತು. 1893ರಲ್ಲಿ ಷಿಕಾಗೋ ನಗರದ ಮಹಾಪ್ರದರ್ಶನಕ್ಕೆ ಹೋದ ಅದರ ಎಂಜಿನಿಯರ್ ಎಡ್ವಿನ್ ಮೆಕ್‌ಹೆನ್ರಿ ಎಂಬವರ ಕಣ್ಣಿಗೆ ಕೊರಿಯಾ ದೇಶದ ಧ್ವಜವು ಬಿದ್ದಿತು. ಪ್ರಯಾಣಿಕ ವಿಭಾಗದ ಚಾರ್ಲ್ಸ್ ಫೀ ಎಂಬವರು ಲಾಂಛನಕ್ಕಾಗಿ ಹುಡುಕುತ್ತಿದ್ದ ಸಮಯವದು. ಧ್ವಜದ ನಡುವಿನ ವೃತ್ತವನ್ನು ಬಾಗುರೇಖೆಯೊಂದು ಕೆಂಪು, ನೀಲಿ ಎಂದು ಇಬ್ಭಾಗಿಸುತ್ತದೆ. ನಾಲ್ಕು ಮೂಲೆಗಳಲ್ಲಿ ಮೂರು ಮೂರು ಗೆರೆಗಳ ಗುಂಪುಗಳಿವೆ. ಕಂಪೆನಿಯು ಗೆರೆಗಳನ್ನು ಬಿಟ್ಟಿತು, ನೀಲಿಯನ್ನು ಕಪ್ಪಾಗಿಸಿತು, ಸುತ್ತ ತನ್ನ ಹೆಸರನ್ನು ಬರೆಯಿತು.

ಆಯ್ಕೆಯಲ್ಲಿ ರಸಿಕತೆ ಇದೆ. ಆ ವೃತ್ತ ನಿಂತಿದ್ದರೂ ಉರುಳುವಂತೆ ತೋರುತ್ತದೆ. ಗಾಲಿಯ ಮೇಲೆ ಬದುಕುವ ಸಂಸ್ಥೆಗೆ ಇದಕ್ಕಿಂತ ಒಪ್ಪುವ ರೂಪವು ದುರ್ಲಭ. ಅಕ್ಷರವರಿಯದವನೂ ದೂರದಿಂದಲೇ ಗುರುತಿಸಬಲ್ಲನು. ಆದರೆ 11ನೆಯ ಶತಮಾನದ ಚೀನೀ ದಾರ್ಶನಿಕ ಝೌ ದುನ್‌ಯಿ ವಿವರಿಸಿದ ತತ್ತ್ವದಲ್ಲಿ ಚಲನೆಯೂ ನಿಶ್ಚಲತೆಯೂ ಒಂದನ್ನೊಂದು ಹಡೆಯುತ್ತವೆ. ರೈಲ್ವೆಯವರು ಚಲನೆಯನ್ನು ಮಾತ್ರ ಕೊಂಡರು. ಆದ್ದರಿಂದ ಇದು ಪ್ರತಿಬಿಂಬವಲ್ಲ, ಜೀವವು ಬೇರೆ. ಆದರೆ ಮೂಲಕ್ಕಿಂತ ಕೃಶವಾದ ಜೀವ.

ಇಲ್ಲಿ ಋಣದ ಪ್ರಶ್ನೆಯೂ ಏಳುತ್ತದೆ. 1910ರಲ್ಲಿ ಜಪಾನು ಕೊರಿಯಾವನ್ನು ಕಬಳಿಸಿ ಆ ಧ್ವಜವನ್ನು ನಿಷೇಧಿಸಿತು. 1919ರಲ್ಲಿ ಅದನ್ನೆತ್ತಿ ಸ್ವಾತಂತ್ರ್ಯ ಘೋಷಿಸಿದವರು ಸೆರೆಮನೆ ಸೇರಿದರು. ತವರಿನಲ್ಲಿ ಅಪರಾಧವಾಗಿದ್ದ ಅದೇ ವೃತ್ತವು ಅಮೆರಿಕದ ಹಳಿಗಳ ಮೇಲೆ ನಿರ್ಭಯವಾಗಿ ಉರುಳುತ್ತಿದ್ದಿತು. ಕಂಪೆನಿಯು ತನ್ನ ಕಿರುಹೊತ್ತಿಗೆಗಳಲ್ಲಿ ಲಾಂಛನದ ಮೂಲವನ್ನು ಮರೆಮಾಚದೆ ಹೇಳಿಕೊಂಡಿದ್ದುದು ಅದರ ಸುಕೃತ. ಪಂಪನು ಭಾರತದ ಕಥೆಯನ್ನು ಕೈಗೊಂಡಾಗ ವ್ಯಾಸನ ಹಿರಿಮೆಗೆ ತಲೆಬಾಗಿಯೇ ಮುಂದುವರಿದನು. ಅದರಿಂದ ಅವನ ಸ್ವೋಪಜ್ಞತೆಗೆ ಕುಂದೊದಗಲಿಲ್ಲ.

1970ರಲ್ಲಿ ನಾರ್ದರ್ನ್ ಪೆಸಿಫಿಕ್ ಇತರ ಕಂಪೆನಿಗಳೊಡನೆ ಬೆರೆತು ತನ್ನ ಹೆಸರನ್ನು ಕಳೆದುಕೊಂಡಿತು. ದಕ್ಷಿಣ ಕೊರಿಯಾದ ಧ್ವಜವು ಆ ವೃತ್ತವನ್ನು ಧರಿಸಿ ಇಂದಿಗೂ ಹಾರುತ್ತಿದೆ. ಎರವಲು ಪಡೆಯುವುದು ದೋಷವಲ್ಲ. ಪಡೆದುದಕ್ಕೆ ಹೊಸ ಜೀವವನ್ನು ಕೊಡದಿರುವುದೂ, ಕೊಟ್ಟವರನ್ನು ಮರೆಯುವುದೂ ದೋಷ. ಇವೆರಡರಲ್ಲಿ ಎರಡನೆಯದೇ ಹಿರಿದು.